ವಿಮಾನದ ಯಂತ್ರಜ್ಞೆಯಾಗುವ ದಾರಿ

ನಮ್ಮ ವಡಗಾವಿಯ ಓಣಿಗಳಲ್ಲಿ ಹಗಲೆಲ್ಲ ಮಗ್ಗದ ಸಪ್ಪಳವಿರುವದು. ಆ ಸಪ್ಪಳವನ್ನು ಮೀರಿ ಆಗಾಗ ಸಾಂಬ್ರಾದ ಕಡೆಯಿಂದ ವಿಮಾನದ ಧ್ವನಿಯೂ ಕೇಳಿಬರುತ್ತದೆ. ಆಗ ತರಗತಿಯ ಹುಡುಗಿಯರು ಪುಸ್ತಕವನ್ನು ಬಿಟ್ಟು ಕಿಟಕಿಯ ಕಡೆಗೆ ಕತ್ತು ಹೊರಳಿಸುವದನ್ನು ನಾವು ಇಪ್ಪತ್ತು ವರುಷಗಳಿಂದ ನೋಡುತ್ತ ಬಂದಿರುತ್ತೇವೆ. ಬಹುಕಾಲ ಅದನ್ನು ಅಲಕ್ಷ್ಯವೆಂದೇ ಎಣಿಸಿ ಗದರಿಸಿಯೂ ಇರುತ್ತೇವೆ. ಅವರಲ್ಲಿ ಒಬ್ಬಳಾದರೂ ಆ ಯಂತ್ರದ ಒಳಗೇನಿರಬಹುದೆಂದು ವಿಚಾರಿಸುತ್ತಿರಬಹುದೆಂಬದು ನಮಗೆ ಹೊಳೆದದ್ದು ತೀರ ತಡವಾಗಿ.

ಕೆಲವು ವರುಷಗಳ ಹಿಂದೆ ಹತ್ತನೆಯ ಇಯತ್ತೆಯ ಪಾಲಕರ ಸಭೆಯು ಮುಗಿದ ಮೇಲೆ ನೇಕಾರರ ಮನೆಯ ತಾಯಿಯೊಬ್ಬರು ನಮ್ಮ ಕೋಣೆಗೆ ಬಂದರು. ಹಿಂದೆ ಮಗಳು ತಲೆ ತಗ್ಗಿಸಿ ನಿಂತಿದ್ದಳು. "ಅಕ್ಕಾರ, ಈಕಿ ವಿಮಾನದ ಇಂಜಿನ್ ರಿಪೇರಿ ಕಲೀತೇನಂತಾಳ. ಹಂಗೂ ಒಂದು ಸಾಲಿ ಇರತದೇನ್ರಿ?" ಎಂದು ಅವರು ಕೇಳಿದರು. ಆ ಹುಡುಗಿಯ ಕೈಗುಣವನ್ನು ನಾವು ಬಲ್ಲವರಾಗಿದ್ದೆವು. ಮನೆಯ ವಿದ್ಯುತ್ ಮಗ್ಗವು ನಿಂತರೆ ಮೆಕ್ಯಾನಿಕ್ ಬರುವ ವರೆಗೆ ಕಾಯದೆ ತಾನೇ ಲಾಳಿಯ ಪೆಟ್ಟಿಗೆಯನ್ನು ಸರಿಮಾಡುವಳೆಂದು ಅವಳ ಗೆಳತಿಯರು ಹೇಳುತ್ತಿದ್ದರು. ಆದರೂ ನಾವು, "ಅದೆಲ್ಲ ಗಂಡಸರ ಕೆಲಸ, ದೂರದ ಊರಿನದು, ನರ್ಸಿಂಗಿಗೆ ಹಾಕಿರಿ, ಗಣಿತವನ್ನು ಬಿಡಿಸಿ ಜೀವಶಾಸ್ತ್ರವನ್ನು ಕೊಡಿಸಿರಿ" ಎಂದು ಬುದ್ಧಿ ಹೇಳಿ ಕಳಿಸಿದೆವು. ಹುಡುಗಿಯು ನಮ್ಮ ಮಾತನ್ನು ನಡಿಸಿದಳು. ಎರಡು ವರುಷಗಳ ತರುವಾಯ, ಪಿಯುಸಿಯ ಫಲಿತಾಂಶವನ್ನು ಹಿಡಿದುಕೊಂಡು ತಾನೇ ಬೆಂಗಳೂರಿನ ಒಂದು ಸಂಸ್ಥೆಗೆ ವಿಚಾರಿಸಲು ಹೋದಾಗ, ಗಣಿತವಿಲ್ಲದವರಿಗೆ ಪ್ರವೇಶವಿಲ್ಲವೆಂಬ ಉತ್ತರವನ್ನು ಪಡೆದು ತಿರುಗಿ ಬಂದಳು. ಆ ದಿನ ಅವಳು ನಮ್ಮ ಮುಂದೆ ಬಂದು ಕುಳಿತು ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ನಮಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ತಿಳಿಯದ ವಿಷಯದಲ್ಲಿ ಬುದ್ಧಿ ಹೇಳಿದ ಆ ಸಾಲವನ್ನು ತೀರಿಸುವದಕ್ಕಾಗಿ ನಾವು ಈ ವಿದ್ಯೆಯನ್ನು ಕುರಿತು ಓದಿ, ಕೇಳಿ ಕೂಡಿಸಿದ್ದನ್ನು ಈ ಸ್ಮರಣ ಸಂಚಿಕೆಯಲ್ಲಿ ಹಳೆಯ ವಿದ್ಯಾರ್ಥಿನಿಯರ ಹಾಗೂ ಪಾಲಕರ ಮುಂದೆ ಇಡುತ್ತಿದ್ದೇವೆ.

ಮೊದಲು, ಈ ಕೆಲಸವೆಂದರೇನೆಂಬದನ್ನು ಸ್ಪಷ್ಟಮಾಡಿಕೊಳ್ಳತಕ್ಕದ್ದು. ನಮ್ಮ ಜನರು ವಿಮಾನದ ಸುತ್ತಲಿನ ಮೂರು ಉದ್ಯೋಗಗಳನ್ನು ಒಂದೇ ಎಂದು ತಿಳಿಯುವದರಿಂದಲೇ ಬಹಳ ಮೋಸಹೋಗುವರು. ವಿಮಾನದ ರಚನೆಯನ್ನು ಲೆಕ್ಕಹಾಕಿ ರೂಪಿಸುವವರು ಒಬ್ಬರು. ಇವರು ಮಚ್ಛೆಯಲ್ಲಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಂಥವುಗಳಿಂದ ಏರೋನಾಟಿಕಲ್ ವಿಷಯದಲ್ಲಿ ಬಿ.ಇ. ಪದವಿಯನ್ನು ಪಡೆದವರು. ಎರಡನೆಯವರು ಹ್ಯಾಂಗರಿನಲ್ಲಿ ಪಾನಾ ಹಿಡಿದು ಬಿಚ್ಚುವ, ಜೋಡಿಸುವ, ಎಣ್ಣೆ ಹಾಕುವ ಟೆಕ್ನಿಶಿಯನ್ನರು. ಮೂರನೆಯವರೇ ಪರವಾನಿಗೆ ಪಡೆದ ಏರ್‌ಕ್ರಾಫ್ಟ್ ಮೇಂಟೆನನ್ಸ್ ಇಂಜಿನಿಯರರು. ಇವರೂ ಪಾನಾ ಹಿಡಿಯುವವರೇ. ಆದರೆ ಕೆಲಸವು ಮುಗಿದ ಮೇಲೆ, ಈ ವಿಮಾನವು ಹಾರಾಟಕ್ಕೆ ಯೋಗ್ಯವಾಗಿದೆಯೆಂದು ದಾಖಲೆಯ ಪುಸ್ತಕದಲ್ಲಿ ಸಹಿ ಮಾಡುವ ಅಧಿಕಾರವು ಇವರಿಗೆ ಇರುತ್ತದೆ. ಈ ಸಹಿಯಿಲ್ಲದೆ ದುರಸ್ತಿಗೊಂಡ ವಿಮಾನವು ಮೇಲೇಳುವಂತಿಲ್ಲ. ಬಿ.ಇ. ಪದವಿಯಲ್ಲಿ ಚಿನ್ನದ ಪದಕವನ್ನು ಪಡೆದವಳಿಗೂ ಪರವಾನಿಗೆಯಿಲ್ಲದಿದ್ದರೆ ಆ ಸಹಿಯ ಹಕ್ಕು ಇಲ್ಲ.

ಈ ಉದ್ಯೋಗದ ಮೂಲಪುರುಷನು ಸೈಕಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವನೆಂಬದು ನಮ್ಮ ಹುಡುಗಿಯರಿಗೆ ತಿಳಿದಿರಬೇಕು. ೧೯೦೩ರಲ್ಲಿ ರೈಟ್ ಸಹೋದರರ ವಿಮಾನಕ್ಕೆ ತಕ್ಕಷ್ಟು ಹಗುರಾದ ಇಂಜಿನನ್ನು ಮಾಡಿಕೊಡುವವರು ದೊರೆಯದೆ ಹೋದಾಗ, ಅವರ ಅಂಗಡಿಯ ಮೆಕ್ಯಾನಿಕನಾದ ಚಾರ್ಲ್ಸ್ ಟೇಲರನು ಸುಮಾರು ಆರು ವಾರಗಳಲ್ಲಿ ಅದನ್ನು ತಯಾರಿಸಿ ಕೊಟ್ಟನು. ಅದರ ಹೊರಕವಚವು ಅಲ್ಯೂಮಿನಿಯಂ ಎರಕದ್ದು. ಶಕ್ತಿಯು ಸುಮಾರು ಹನ್ನೆರಡು ಅಶ್ವಶಕ್ತಿ. ಈಗಿನ ಎಷ್ಟೋ ಮೋಟಾರ್‌ಸೈಕಲ್ಲುಗಳಲ್ಲಿಯೂ ಅದಕ್ಕಿಂತ ಹೆಚ್ಚಿನ ಶಕ್ತಿಯಿರುವದು. ಹಾರಿದವರ ಹೆಸರನ್ನು ಎಲ್ಲರೂ ಬಲ್ಲರು, ಇವನ ಹೆಸರನ್ನು ಬಲ್ಲವರು ವಿರಳ.

ಹೆಣ್ಣುಮಕ್ಕಳ ಮಾತಿಗೆ ಬಂದರೆ, ಇಂಗ್ಲಂಡಿನ ಏಮಿ ಜಾನ್ಸನ್ ಎಂಬವಳು ೧೯೨೯ರಲ್ಲಿ ನೆಲದ ಇಂಜಿನಿಯರರ ಪರವಾನಿಗೆಯನ್ನು ಪಡೆದಳು. ಬ್ರಿಟನ್ನಿನಲ್ಲಿ ಆ ಪರವಾನಿಗೆಯನ್ನು ಪಡೆದ ಮೊದಲನೆಯ ಹೆಂಗಸು ಇವಳೇ. ಮರುವರುಷ, ಅಂದರೆ ೧೯೩೦ರ ಮೇ ತಿಂಗಳಲ್ಲಿ, ಅವಳು ಒಬ್ಬಳೇ ಚಿಕ್ಕ ಜಿಪ್ಸಿ ಮಾತ್ ವಿಮಾನದಲ್ಲಿ ಆಸ್ಟ್ರೇಲಿಯದ ವರೆಗೆ ಹಾರಿಹೋದಳು. ದಾರಿಯಲ್ಲಿ ಕರಾಚಿ, ಝಾನ್ಸಿ, ಅಲಹಾಬಾದ, ಕಲಕತ್ತೆಗಳಲ್ಲಿ ಇಳಿದಳು. ರಂಗೂನಿನ ಹತ್ತಿರ ಆಟದ ಮೈದಾನದಲ್ಲಿ ಇಳಿಯುವಾಗ ವಿಮಾನವು ಹಳ್ಳಕ್ಕೆ ನುಗ್ಗಿ ಪಂಖವೂ ರೆಕ್ಕೆಯೂ ಮುರಿದವು. ಅಲ್ಲಿಯ ಇಂಜಿನಿಯರಿಂಗ್ ಶಾಲೆಯವರು ನೆರವಾಗಿ ಅದನ್ನು ದುರಸ್ತಿಮಾಡಿಸಿದರು. ಹರಿದ ರೆಕ್ಕೆಗೆ, ಯುದ್ಧಕಾಲದ ವಿಮಾನದ ಬಟ್ಟೆಯಿಂದ ಹೊಲಿದಿದ್ದ ಅಂಗಿಗಳನ್ನೇ ಬಿಚ್ಚಿ ತೇಪೆ ಹಾಕಿದರೆಂದು ಹೇಳುವರು. ನಮ್ಮ ನೇಕಾರರ ಮನೆಯ ಹುಡುಗಿಯರು ಇದನ್ನು ಓದಿ ನಕ್ಕಾರು. ಆದರೆ ಆ ಕಾಲದ ವಿಮಾನಗಳ ರೆಕ್ಕೆಯು ನಿಜವಾಗಿಯೂ ಬಟ್ಟೆಯದೇ ಆಗಿತ್ತು. ನಾರಗಸೆಯ ಬಟ್ಟೆಯನ್ನು ಕಟ್ಟಿಗೆಯ ಪಕ್ಕೆಲುಬುಗಳ ಮೇಲೆ ಬಿಗಿದು, ಮೇಣದ ದಾರದಿಂದ ಗೊತ್ತಾದ ಅಂತರಕ್ಕೆ ಒಂದೊಂದು ಗಂಟುಹಾಕಿ ಹೊಲಿದು, ಮೇಲೆ ಬಟ್ಟೆಯನ್ನು ಸೆಟೆಸುವ ಲೇಪವನ್ನು ಬಳಿಯುತ್ತಿದ್ದರು. ಸೂಜಿಯ ಕೆಲಸದ ತಾಸಿನಲ್ಲಿ ನಾವು ಹೊಲಿಗೆಗಳನ್ನು ಎಣಿಸಿ ಬಿಚ್ಚಿಸುವಾಗ ಅಳುವ ಹುಡುಗಿಯರಿಗೆ ಈಗ ಈ ಮಾತನ್ನು ಹೇಳುತ್ತಿರುತ್ತೇವೆ.

ನಮ್ಮ ನಾಡಿನಲ್ಲಿ ಈ ಉದ್ಯೋಗವು ಬೇರೂರಿದ್ದು ಬೆಂಗಳೂರಿನಲ್ಲಿ. ೧೯೪೦ರ ದಶಂಬರದಲ್ಲಿ ವಾಲಚಂದ ಹಿರಾಚಂದರು ಮೈಸೂರು ಸಂಸ್ಥಾನದ ಸಹಾಯದಿಂದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಅಲ್ಲಿ ಸ್ಥಾಪಿಸಿದರು. ಮಹಾಯುದ್ಧದ ಕಾಲದಲ್ಲಿ ಅದು ದೊಡ್ಡ ದುರಸ್ತಿಯ ಕಾರಖಾನೆಯಾಯಿತು. ನಮ್ಮ ಸಾಂಬ್ರಾದ ವಿಮಾನನಿಲ್ದಾಣವೂ ಅದೇ ಯುದ್ಧದ ಕೂಸು. ೧೯೪೨ರಲ್ಲಿ ಬ್ರಿಟಿಷ್ ವಾಯುಪಡೆಯವರು ಅದನ್ನು ಕಟ್ಟಿದರು. ಈಗ ಅಲ್ಲಿ ವಾಯುಪಡೆಯ ತರಬೇತಿ ಶಾಲೆಯಿರುವದನ್ನು ಬೆಳಗಾವಿಯವರಿಗೆ ಹೇಳಬೇಕಾಗಿಲ್ಲ. ೨೦೨೩ರಲ್ಲಿ ಅಗ್ನಿವೀರ ವಾಯು ಯೋಜನೆಯ ಮೊದಲ ಮಹಿಳಾ ತಂಡವು, ನೂರೈವತ್ತಕ್ಕೆ ಮಿಕ್ಕಿದ ಹುಡುಗಿಯರು, ಇಲ್ಲಿಯೇ ಶಿಕ್ಷಣವನ್ನು ಮುಗಿಸಿದರು. ೨೦೧೯ರಲ್ಲಿ ವಾಯುಪಡೆಯ ಹೀನಾ ಜೈಸ್ವಾಲ್ ಎಂಬ ಅಧಿಕಾರಿಣಿಯು ಬೆಂಗಳೂರಿನ ಯಲಹಂಕದಲ್ಲಿ ತರಬೇತಿ ಪಡೆದು ಹಾರುವ ವಿಮಾನದಲ್ಲಿಯೇ ಯಂತ್ರದ ಹೊಣೆಯನ್ನು ಹೊರುವ ಫ್ಲೈಟ್ ಇಂಜಿನಿಯರಳಾದಳು. ನಮ್ಮ ದೇಶದಲ್ಲಿ ಆ ಹುದ್ದೆಯ ಮೊದಲನೆಯ ಮಹಿಳೆ ಅವಳು. "ಅದು ಗಂಡಸರ ಕೆಲಸ" ಎಂದು ನಾವು ಆಡಿದ ಮಾತು ಎಷ್ಟರ ಮಟ್ಟಿಗೆ ನಿಂತಿತೆಂಬದನ್ನು ಓದುವವರೇ ನೋಡಲಿ.

ಇನ್ನು ಪರವಾನಿಗೆಯ ವಿಚಾರ. ನಮ್ಮ ದೇಶದಲ್ಲಿ ಇದನ್ನು ಕೊಡುವ ಅಧಿಕಾರವು ದಿಲ್ಲಿಯಲ್ಲಿರುವ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಇರುತ್ತದೆ. ಜನರು ಇದನ್ನು ಡಿಜಿಸಿಎ ಎಂದು ಕರೆಯುವರು. ೧೯೩೪ರ ವಿಮಾನ ಕಾಯಿದೆಯೂ ೧೯೩೭ರ ವಿಮಾನ ನಿಯಮಗಳೂ ಬಹುಕಾಲ ಇದಕ್ಕೆ ಆಧಾರವಾಗಿದ್ದವು. ಹಳೆಯ ಕಾಯಿದೆಯ ಸ್ಥಾನದಲ್ಲಿ ೨೦೨೫ರ ಜನವರಿಯಿಂದ ಭಾರತೀಯ ವಾಯುಯಾನ ಅಧಿನಿಯಮವು ಜಾರಿಗೆ ಬಂದಿರುತ್ತದೆ. ಪರವಾನಿಗೆಯ ವಿವರಗಳು ಸಿಎಆರ್ ೬೬ ಎಂಬ ನಿಯಮಾವಳಿಯಲ್ಲಿಯೂ, ಕಲಿಸುವ ಸಂಸ್ಥೆಗಳ ವಿವರಗಳು ಸಿಎಆರ್ ೧೪೭ರಲ್ಲಿಯೂ, ದುರಸ್ತಿಯ ಸಂಸ್ಥೆಗಳವು ಸಿಎಆರ್ ೧೪೫ರಲ್ಲಿಯೂ ಇರುತ್ತವೆ. ಪಾಲಕರು ಈ ಮೂರು ಅಂಕಿಗಳನ್ನು ನೆನಪಿಟ್ಟರೆ ಸಾಕು.

ಪ್ರವೇಶಕ್ಕೆ ಬೇಕಾದದ್ದು ಪಿಯುಸಿ ಎರಡನೆಯ ವರುಷದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಹಾಗೂ ಗಣಿತ ಈ ಮೂರರಲ್ಲಿ ಉತ್ತೀರ್ಣತೆ. ಜೀವಶಾಸ್ತ್ರವು ಇದ್ದರೂ ಅಡ್ಡಿಯಿಲ್ಲ, ಇಲ್ಲದಿದ್ದರೂ ಅಡ್ಡಿಯಿಲ್ಲ. ಗಣಿತವು ಇಲ್ಲದಿದ್ದರೆ ಬಾಗಿಲು ಮುಚ್ಚಿದಂತೆಯೇ. ಪಿಯುಸಿಯ ದಾರಿಯನ್ನು ಬಿಟ್ಟು ಬಂದವರಿಗೆ ಮೂರು ವರುಷಗಳ ಇಂಜಿನಿಯರಿಂಗ್ ಡಿಪ್ಲೊಮಾದ ಮುಖಾಂತರ ಇನ್ನೊಂದು ಬಾಗಿಲುಂಟು. ಪರವಾನಿಗೆಗೆ ಅರ್ಜಿ ಹಾಕಲು ಹದಿನೆಂಟು ವರುಷಗಳು ತುಂಬಿರಬೇಕು. ದುರಸ್ತಿಯ ಸಂಸ್ಥೆಯಲ್ಲಿ ಸಹಿಯ ಅಧಿಕಾರವನ್ನು ನಡಿಸಲು ಇಪ್ಪತ್ತೊಂದು. ಸಂಸ್ಥೆಗಳು ವೈದ್ಯರ ಪ್ರಮಾಣಪತ್ರವನ್ನೂ ಕೇಳುತ್ತವೆ. ಇದರಲ್ಲಿ ಬಣ್ಣಗಳನ್ನು ಗುರುತಿಸುವ ಕಣ್ಣಿನ ಶಕ್ತಿಯ ಮಾತು ಮುಖ್ಯವಾದದ್ದು. ಕೆಂಪು ದೀಪವನ್ನು ಹಸಿರು ದೀಪದಿಂದ ಬೇರ್ಪಡಿಸಲಾರದ ಕಣ್ಣು ಈ ಕೆಲಸಕ್ಕೆ ಒದಗದು. ಸಾವಿರ ಬಣ್ಣದ ನೂಲಿನ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಇದು ಕಷ್ಟವಾಗಲಾರದು, ಆದರೂ ಹಣ ಕಟ್ಟುವ ಮೊದಲೇ ಪರೀಕ್ಷಿಸಿಕೊಳ್ಳುವದು ಲೇಸು.

ಪರವಾನಿಗೆಯಲ್ಲಿ ವರ್ಗಗಳುಂಟು. ಎ ವರ್ಗದವರು ಸಣ್ಣ, ನಿತ್ಯದ ಕೆಲಸಗಳಿಗೆ ಮಾತ್ರ ಸಹಿ ಮಾಡುವರು. ಬಿ ೧ ವರ್ಗದವರು ದೇಹ, ಇಂಜಿನ್, ಚಕ್ರ, ರೆಕ್ಕೆಗಳ ಯಾಂತ್ರಿಕ ಭಾಗವನ್ನೂ ವಿದ್ಯುತ್ ವ್ಯವಸ್ಥೆಯನ್ನೂ ನೋಡುವರು. ಬಿ ೨ ವರ್ಗದವರದು ರೇಡಿಯೋ, ದಿಕ್ಕು ತೋರಿಸುವ ಉಪಕರಣಗಳು ಮೊದಲಾದ ಎಲೆಕ್ಟ್ರಾನಿಕ್ ಕೆಲಸ. ಬಿ ೧ರ ಒಳಗೂ ಮತ್ತೆ ಒಡಕುಂಟು: ಟರ್ಬೈನ್ ಇಂಜಿನ್ನಿನ ವಿಮಾನ, ಪಿಸ್ಟನ್ ಇಂಜಿನ್ನಿನ ವಿಮಾನ, ಇವೆರಡೂ ಬಗೆಯ ಹೆಲಿಕಾಪ್ಟರುಗಳು. ಪ್ರವಾಸಿಗರನ್ನು ಒಯ್ಯುವ ದೊಡ್ಡ ಜೆಟ್ ವಿಮಾನಕ್ಕೆ ಬೇಕಾದದ್ದು ಬಿ ೧.೧. ಪೈಲಟರಿಗೆ ಹಾರಲು ಕಲಿಸುವ ಚಿಕ್ಕ ಪಿಸ್ಟನ್ ವಿಮಾನಕ್ಕೆ ಬಿ ೧.೨, ೨,೦೦೦ ಕಿಲೋಗ್ರಾಮಿನೊಳಗಿನ ಅಂಥ ವಿಮಾನಗಳಿಗಾಗಿ ಬಿ ೩ ಎಂಬದೂ ಉಂಟು. ೨೦೨೧ರಲ್ಲಿ ಹಾರಾಟದ ಶಾಲೆಗಳಿಗಾಗಿ ಆಯ್ದ ಐದು ನಿಲ್ದಾಣಗಳಲ್ಲಿ ನಮ್ಮ ಬೆಳಗಾವಿಯೂ ಕಲಬುರ್ಗಿಯೂ ಸೇರಿದ್ದವೆಂಬದನ್ನು ಇಲ್ಲಿ ನೆನೆಯಬಹುದು. ಹೀಗೆ ಪಿಸ್ಟನ್ ಇಂಜಿನ್ನಿನ ವಿದ್ಯೆಯೂ ಅನ್ನವಿಲ್ಲದ ವಿದ್ಯೆಯಲ್ಲ, ಆದರೆ ಎಲ್ಲರೂ ಜೆಟ್ಟಿನ ಬೆನ್ನುಹತ್ತುವರು.

ಅಂಗೀಕೃತ ಸಂಸ್ಥೆಯಲ್ಲಿ ಬಿ ೧.೧ ಅಥವಾ ಬಿ ೨ರ ಮೂಲಪಾಠವು ೨,೪೦೦ ತಾಸುಗಳದು. ಇದರಲ್ಲಿ ಅರ್ಧಕ್ಕೆ ಸ್ವಲ್ಪ ಮಿಕ್ಕಿ ಪುಸ್ತಕದ ಪಾಠ. ಉಳಿದದ್ದು ಕೈಕೆಲಸ, ಅದರಲ್ಲಿಯೂ ಒಂದು ಪಾಲು ನಿಜವಾದ ವಿಮಾನಗಳು ದುರಸ್ತಿಯಾಗುವ ಸ್ಥಳದಲ್ಲಿಯೇ ಆಗತಕ್ಕದ್ದು. ಪಾಠವನ್ನು ಮೊಡ್ಯೂಲುಗಳೆಂದು ವಿಂಗಡಿಸಿರುತ್ತಾರೆ. ಮೊದಲೆರಡು ಗಣಿತ ಮತ್ತು ಭೌತಶಾಸ್ತ್ರ. ಮುಂದೆ ವಿದ್ಯುತ್ತು, ಎಲೆಕ್ಟ್ರಾನಿಕ್ಸ್, ಲೋಹ ಮತ್ತು ಸಾಮಗ್ರಿಗಳು, ದುರಸ್ತಿಯ ಪದ್ಧತಿ, ಗಾಳಿಯಲ್ಲಿ ಹಾರುವ ತತ್ವ, ವಿಮಾನದ ಕಾಯಿದೆ, ಟರ್ಬೈನ್ ಇಂಜಿನ್, ಪಂಖ ಮೊದಲಾದವು ಬರುವವು. ಒಂಬತ್ತನೆಯದು ಮನುಷ್ಯಸ್ವಭಾವವನ್ನು ಕುರಿತದ್ದು: ದಣಿವು, ಅವಸರ, ಮರೆವು, ಮೇಲಿನವರ ಭಯ ಇವುಗಳಿಂದ ಕೈತಪ್ಪು ಹೇಗಾಗುವದೆಂದು ಅದರಲ್ಲಿ ಕಲಿಸುವರು. ಶಿಕ್ಷಕಿಯರ ತರಬೇತಿಯಲ್ಲಿ ನಮಗೂ ಇಂಥ ಪಾಠವಿದ್ದಿದ್ದರೆ ಎಷ್ಟೋ ಒಳ್ಳೆಯದಾಗುತ್ತಿತ್ತು. ಪರವಾನಿಗೆಯ ಪರೀಕ್ಷೆಗಳನ್ನು ನಿರ್ದೇಶನಾಲಯದ ಕೇಂದ್ರೀಯ ಪರೀಕ್ಷಾ ವಿಭಾಗವೇ ನಡಿಸುವದು; ಒಂದೊಂದು ಮೊಡ್ಯೂಲಿನಲ್ಲಿಯೂ ನೂರಕ್ಕೆ ಎಪ್ಪತ್ತೈದು ಗುಣಗಳು ಬೇಕು. ಬಹುಕಾಲ ಮೂವತ್ತೈದಕ್ಕೆ ಪಾಸಾಗುತ್ತಿದ್ದ ರೂಢಿಯ ನಮ್ಮ ಮಕ್ಕಳಿಗೆ ಇದು ಮೊದಲು ಅನ್ಯಾಯವೆನಿಸುವದು. ಆದರೆ ನಾಲ್ಕು ಚಕ್ರಗಳಲ್ಲಿ ಮೂರನ್ನು ಮಾತ್ರ ಬಿಗಿಯಬಲ್ಲವಳು ಕೂಡ ಎಪ್ಪತ್ತೈದರವಳೇ ಎಂದು ಎಣಿಸಿದರೆ ಆ ಗೆರೆಯು ಹೆಚ್ಚಿನದೆನಿಸದು.

ಪರೀಕ್ಷೆಗಳು ಮುಗಿದೊಡನೆ ಪರವಾನಿಗೆಯು ಕೈಗೆ ಬರುವದಿಲ್ಲ. ಹಾರಾಟದಲ್ಲಿರುವ ವಿಮಾನಗಳ ಮೇಲೆ ಕೆಲಸದ ಅನುಭವವನ್ನು ತೋರಿಸಬೇಕು. ಬಿ ೧.೧ಕ್ಕಾದರೆ, ಅಂಗೀಕೃತ ಪಾಠವನ್ನು ಮುಗಿಸಿದವರಿಗೆ ಎರಡು ವರುಷ; ಬೇರೆ ತಾಂತ್ರಿಕ ಕಸುಬನ್ನು ನಿಯಮದಂತೆ ಕಲಿತವರಿಗೆ ಮೂರು ವರುಷ; ಯಾವದೂ ಇಲ್ಲದವರಿಗೆ ಐದು ವರುಷ. ಚಿಕ್ಕ ಪಿಸ್ಟನ್ ವಿಮಾನಗಳ ಬಿ ೧.೨ಕ್ಕೆ ಇದು ಒಂದು, ಎರಡು, ಮೂರು ವರುಷಗಳಾಗುವದು. ಈ ಅನುಭವವನ್ನು ಲಾಗ್‌ಬುಕ್ಕಿನಲ್ಲಿ ದಿನದಿನಕ್ಕೂ ಬರೆದಿಟ್ಟು ಮೇಲಿನವರ ಸಹಿಯನ್ನು ಪಡೆಯಬೇಕು. ಇಷ್ಟರ ಮೇಲೆ ದೊರೆತ ಪರವಾನಿಗೆಯಿಂದಲೂ ದೊಡ್ಡ ವಿಮಾನಕ್ಕೆ ಸಹಿ ಮಾಡಲಾಗದು. ಏರ್‌ಬಸ್ ೩೨೦ ಎಂದರೆ ಆ ಜಾತಿಯದನ್ನೇ, ಬೋಯಿಂಗ್ ೭೩೭ ಎಂದರೆ ಅದನ್ನೇ ಬೇರೆಯಾಗಿ ಕಲಿತು, ಪರೀಕ್ಷೆ ಕೊಟ್ಟು, ಪರವಾನಿಗೆಯ ಮೇಲೆ ಆ ಹೆಸರನ್ನು ಬರೆಸಿಕೊಳ್ಳಬೇಕು. ಕೊನೆಗೆ, ಅವಳು ಕೆಲಸ ಮಾಡುವ ಸಂಸ್ಥೆಯು ತನ್ನ ಪರವಾಗಿ ಸಹಿ ಮಾಡೆಂದು ಅಧಿಕಾರಪತ್ರವನ್ನು ಕೊಡಬೇಕು. ಪರವಾನಿಗೆಯನ್ನು ಐದು ವರುಷಕ್ಕೊಮ್ಮೆ ನವೀಕರಿಸತಕ್ಕದ್ದು. ಹಿಂದಿನ ಎರಡು ವರುಷಗಳಲ್ಲಿ ಆರು ತಿಂಗಳಾದರೂ ಕೆಲಸ ಮಾಡದಿದ್ದವಳಿಗೆ ಸಹಿಯ ಹಕ್ಕು ಇರುವದಿಲ್ಲ. ಮದುವೆ, ಬಾಣಂತನಗಳಿಂದ ಕೆಲಸವನ್ನು ಬಿಟ್ಟು ತಿರುಗಿ ಸೇರುವ ಹೆಣ್ಣುಮಕ್ಕಳು ಈ ಆರು ತಿಂಗಳಿನ ಮಾತನ್ನು ಮೊದಲೇ ತಿಳಿದಿರಬೇಕು.

ಗಣಿತವು ಏಕೆ ಇಷ್ಟೊಂದು ಬೇಕೆಂದು ಕೇಳುವವರಿಗೆ ಒಂದು ಲೆಕ್ಕವನ್ನು ಇಲ್ಲಿ ಬಿಡಿಸಿ ತೋರಿಸುವೆವು. ೧೯೮೩ರ ಜುಲೈ ೨೩ರಂದು ಕೆನಡಾ ದೇಶದ ಒಂದು ಬೋಯಿಂಗ್ ೭೬೭ ವಿಮಾನವು ಮಾಂಟ್ರಿಯಲ್ ಪಟ್ಟಣದಿಂದ ಎಡ್ಮಂಟನ್ನಿಗೆ ಹೊರಡುವದಿತ್ತು. ಇಂಧನವನ್ನು ತೋರಿಸುವ ಮಾಪಕವು ಕೆಟ್ಟಿದ್ದರಿಂದ ಟಾಕಿಯಲ್ಲಿ ಅಳತೆಯ ಕಡ್ಡಿಯಿಂದ ಅಳೆದು ನೋಡಲಾಗಿ ೭,೬೮೨ ಲೀಟರ್ ಇತ್ತು. ಪ್ರಯಾಣಕ್ಕೆ ಬೇಕಾದದ್ದು ೨೨,೩೦೦ ಕಿಲೋಗ್ರಾಮ್. ಒಂದು ಲೀಟರ್ ಇಂಧನದ ತೂಕವು ೦.೮೦೩ ಕಿಲೋಗ್ರಾಮ್. ಅಂದ ಮೇಲೆ ಟಾಕಿಯಲ್ಲಿದ್ದದ್ದು ೭,೬೮೨ನ್ನು ೦.೮೦೩ರಿಂದ ಗುಣಿಸಲು ಸುಮಾರು ೬,೧೬೯ ಕಿಲೋಗ್ರಾಮ್. ಇನ್ನೂ ೧೬,೧೩೧ ಕಿಲೋಗ್ರಾಮ್, ಅಂದರೆ ಇಪ್ಪತ್ತು ಸಾವಿರ ಲೀಟರಿಗೆ ಮಿಕ್ಕಿ ತುಂಬಬೇಕಾಗಿತ್ತು. ಆದರೆ ಅಲ್ಲಿದ್ದವರು ಹಳೆಯ ರೂಢಿಯಂತೆ ೧.೭೭ರಿಂದ ಗುಣಿಸಿದರು. ಆ ಅಂಕಿಯು ಒಂದು ಲೀಟರಿಗೆ ಎಷ್ಟು ಪೌಂಡು ಎಂಬದು, ಎಷ್ಟು ಕಿಲೋಗ್ರಾಮ್ ಎಂಬದಲ್ಲ. ಬಂದ ೧೩,೫೯೭ನ್ನು ಕಿಲೋಗ್ರಾಮೆಂದೇ ತಿಳಿದು, ಸುಮಾರು ೪,೯೦೦ ಲೀಟರನ್ನು ಮಾತ್ರ ಕೂಡಿಸಿ ವಿಮಾನವನ್ನು ಕಳಿಸಿದರು. ಬೇಕಾದ ಇಂಧನದ ಅರ್ಧವೂ ಅದರಲ್ಲಿರಲಿಲ್ಲ. ಅರ್ಧ ದಾರಿಯಲ್ಲಿ, ಆಕಾಶದಲ್ಲಿ ಎರಡೂ ಇಂಜಿನ್ನುಗಳು ನಿಂತವು. ಪೈಲಟರ ಕೌಶಲದಿಂದ ವಿಮಾನವು ಗಿಮ್ಲಿ ಎಂಬಲ್ಲಿಯ ಹಳೆಯ ನಿಲ್ದಾಣದ ವರೆಗೆ ತೇಲುತ್ತ ಹೋಗಿ ಇಳಿಯಿತು, ಎಲ್ಲರೂ ಬದುಕಿ ಉಳಿದರು. ಉತ್ತರದ ಮುಂದೆ ಮಾನವನ್ನು ಬರೆಯದ ಹುಡುಗಿಗೆ ನಾವು ಅರ್ಧ ಗುಣವನ್ನು ಕಳೆಯುತ್ತೇವೆಂದು ದೂರುವ ಪಾಲಕರು ಈ ಲೆಕ್ಕವನ್ನು ಮನೆಯಲ್ಲಿ ಒಮ್ಮೆ ಮಾಡಿನೋಡಲಿ.

ಕಣ್ಣಂದಾಜಿನ ಮಾತೂ ಹಾಗೆಯೇ. ೧೯೯೦ರ ಜೂನ್ ೧೦ರಂದು ಇಂಗ್ಲಂಡಿನಲ್ಲಿ ಒಂದು ಪ್ರವಾಸಿ ವಿಮಾನವು ಹದಿನೇಳು ಸಾವಿರ ಅಡಿಗಳಿಗೆ ಮಿಕ್ಕಿ ಏರಿದಾಗ ಪೈಲಟನ ಮುಂದಿನ ಗಾಜು ಹಾರಿಹೋಗಿ, ಅವನು ಅರ್ಧ ದೇಹದಷ್ಟು ಹೊರಗೆ ಸೆಳೆಯಲ್ಪಟ್ಟನು. ಸಂಗಡಿಗರು ಕಾಲುಗಳನ್ನು ಹಿಡಿದುಕೊಂಡೇ ಇದ್ದು ವಿಮಾನವನ್ನು ಇಳಿಸಿದರು. ಆಶ್ಚರ್ಯವೆಂದರೆ ಅವನೂ ಬದುಕಿದನು. ವಿಚಾರಣೆಯಲ್ಲಿ ತಿಳಿದದ್ದೇನಂದರೆ, ಹಾರಾಟದ ಇಪ್ಪತ್ತೇಳು ತಾಸುಗಳ ಹಿಂದೆ ರಾತ್ರಿಯ ಪಾಳಿಯಲ್ಲಿ ಆ ಗಾಜನ್ನು ಕೂಡಿಸಿದ್ದರು. ಹಚ್ಚಿದ ತೊಂಬತ್ತು ಬೋಲ್ಟುಗಳಲ್ಲಿ ಎಂಬತ್ತನಾಲ್ಕು ಒಂದು ಅಂಗುಲದ ಸಾವಿರದಲ್ಲಿ ಇಪ್ಪತ್ತಾರು ಪಾಲಿನಷ್ಟು ಸಪೂರಾಗಿದ್ದವು. ಉಳಿದ ಆರು ಗಿಡ್ಡವಾಗಿದ್ದವು. ಕೆಲಸಗಾರನು ಅನುಭವಸ್ಥನೇ. ಕೈಪಿಡಿಯ ಪಟ್ಟಿಯಲ್ಲಿ ಬೋಲ್ಟಿನ ನಂಬರನ್ನು ನೋಡದೆ, ಹಳೆಯ ಬೋಲ್ಟಿನ ಹತ್ತಿರ ಹಿಡಿದು ಕಣ್ಣಳತೆಯಿಂದ ಆರಿಸಿದ್ದನು. ಇದಕ್ಕಾಗಿಯೇ ಈ ವಿದ್ಯೆಯಲ್ಲಿ "ನನಗೆ ಬರುತ್ತದೆ" ಎಂಬ ಧೈರ್ಯಕ್ಕಿಂತ "ಪುಸ್ತಕದಲ್ಲಿ ನೋಡುತ್ತೇನೆ" ಎಂಬ ಸಂಕೋಚಕ್ಕೆ ಹೆಚ್ಚಿನ ಬೆಲೆ. ಬೋಲ್ಟನ್ನು ಎಷ್ಟು ಬಿಗಿಯಬೇಕೆಂಬದೂ ಕೈಯಂದಾಜಿನದಲ್ಲ. ಟಾರ್ಕ್ ರೆಂಚ್ ಎಂಬ ಅಳತೆಯ ಪಾನಾದಿಂದ, ಬರೆದಿಟ್ಟ ಅಂಕಿಗೆ ಸರಿಯಾಗಿ ಬಿಗಿಯುವರು. ಕೆಲಸವು ಮುಗಿದ ಮೇಲೆ ಪೆಟ್ಟಿಗೆಯ ಉಪಕರಣಗಳನ್ನೆಲ್ಲ ಎಣಿಸುವರು. ಒಂದು ಸ್ಕ್ರೂಡ್ರೈವರ್ ಕಡಿಮೆಯಾದರೂ ಅದು ಸಿಕ್ಕುವ ವರೆಗೆ ವಿಮಾನವನ್ನು ಬಿಡುವದಿಲ್ಲ. ಹೊಲಿಗೆಯ ತಾಸಿನ ಕೊನೆಗೆ ನಾವು ಸೂಜಿಗಳನ್ನು ಎಣಿಸಿ ತೆಗೆದುಕೊಳ್ಳುವದು ಹಳೆಯ ವಿದ್ಯಾರ್ಥಿನಿಯರಿಗೆ ನೆನಪಿರಬೇಕು.

ಕನ್ನಡ ಮಾಧ್ಯಮದಲ್ಲಿ ಕಲಿತ, ಖಾನಾಪುರದ ಹಳ್ಳಿಗಳಿಂದ ಬಂದ ಹುಡುಗಿಯರಿಗೆ ಇಂಗ್ಲಿಷಿನ ಅಂಜಿಕೆ ಇರುವದು ಸಹಜ. ವಿಮಾನದ ಕೈಪಿಡಿಗಳು ಇಂಗ್ಲಿಷಿನಲ್ಲಿಯೇ ಇರುತ್ತವೆ. ಅವನ್ನು ಓದಿ ತಿಳಿಯುವ ಶಕ್ತಿಯು ನಿಯಮದಲ್ಲಿಯೇ ಬೇಡಲ್ಪಟ್ಟಿದೆ. ಆದರೆ ಅದು ನಾವು ಕಲಿಸುವ ಕಾವ್ಯದ ಇಂಗ್ಲಿಷಲ್ಲ. ಇಂಗ್ಲಿಷು ತಾಯಿನುಡಿಯಲ್ಲದ ಯಂತ್ರಜ್ಞರಿಗಾಗಿಯೇ ೧೯೮೦ರ ದಶಕದಲ್ಲಿ ಯುರೋಪಿನವರು ಒಂದು ಸರಳ ಇಂಗ್ಲಿಷನ್ನು ಗೊತ್ತುಮಾಡಿದರು. ಅದರಲ್ಲಿ ಸುಮಾರು ಒಂಬೈನೂರು ಸಾಮಾನ್ಯ ಶಬ್ದಗಳು, ಅವುಗಳ ಜೊತೆಗೆ ಕಸುಬಿನ ಹೆಸರುಗಳು. ಒಂದು ಶಬ್ದಕ್ಕೆ ಒಂದೇ ಅರ್ಥ. ಮಾಡಬೇಕಾದ ಕೆಲಸವನ್ನು ಹೇಳುವ ವಾಕ್ಯದಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಶಬ್ದಗಳಿರಕೂಡದು. ಎಂಟನೆಯ ಇಯತ್ತೆಯಿಂದ ದಿನಕ್ಕೆ ಒಂದು ಪುಟವನ್ನು ಓದಿಸಿದರೆ ಇದು ಯಾರಿಗೂ ಅಸಾಧ್ಯವಲ್ಲ.

ಪಾಲಕರಿಗೆ ಹಣದ ವಿಷಯದಲ್ಲಿ ಎರಡು ಮಾತು. ಈ ಶಿಕ್ಷಣಕ್ಕೆ ಲಕ್ಷಗಟ್ಟಲೆ ಖರ್ಚು ತಗಲುವದು. ನಮಗೆ ತಿಳಿದ ಒಬ್ಬ ತಂದೆಯು ಇದ್ದ ಎರಡು ಮಗ್ಗಗಳಲ್ಲಿ ಒಂದನ್ನು ಮಾರಿ ದೂರದ ಊರಿನ ಒಂದು ಸಂಸ್ಥೆಗೆ ಮಗನ ಫೀ ಕಟ್ಟಿದನು. ದೊಡ್ಡ ಫಲಕ, ಅಂಗಳದಲ್ಲಿ ಒಂದು ಹಳೆಯ ವಿಮಾನ, ಎಲ್ಲವೂ ಇದ್ದವು. ಸಿಎಆರ್ ೧೪೭ರ ಅಂಗೀಕಾರ ಮಾತ್ರ ಇರಲಿಲ್ಲ. ಹುಡುಗನ ಕೈಗೆ ಬಂದದ್ದು ಆ ಸಂಸ್ಥೆಯ ಸ್ವಂತ ಪ್ರಮಾಣಪತ್ರ, ಅದನ್ನು ಯಾವ ಹ್ಯಾಂಗರಿನವರೂ ಓದಿಯೂ ನೋಡಲಿಲ್ಲ. ಆದ ಕಾರಣ ನಿರ್ದೇಶನಾಲಯವು ಪ್ರಕಟಿಸುವ ಅಂಗೀಕೃತ ಸಂಸ್ಥೆಗಳ ಪಟ್ಟಿಯಲ್ಲಿ ಹೆಸರಿದೆಯೇ, ಯಾವ ವರ್ಗಕ್ಕೆ ಅಂಗೀಕಾರವಿದೆ, ಅದು ಎಂದಿನ ವರೆಗೆ ಇದೆ ಎಂಬ ಮೂರನ್ನೂ ನೋಡದೆ ಒಂದು ರೂಪಾಯಿಯನ್ನೂ ಕೊಡಕೂಡದು. ನಿಜವಾದ ವಿಮಾನಗಳ ಮೇಲಿನ ತರಬೇತಿಯನ್ನು ಯಾವ ದುರಸ್ತಿ ಸಂಸ್ಥೆಯಲ್ಲಿ ಕೊಡಿಸುವರೆಂಬದನ್ನು ಬರೆಯಿಸಿಕೊಳ್ಳಬೇಕು. ಜೊತೆಗೆ ಕೊಡುವ ಬಿ.ಎಸ್ಸಿ. ಪದವಿಯು ಒಳ್ಳೆಯದೇ, ಆದರೆ ಪರವಾನಿಗೆಗೆ ಅದು ಬೇಕಿಲ್ಲ. ಅದಕ್ಕಾಗಿ ಹೆಚ್ಚಿನ ಹಣವನ್ನು ಕೊಡುವದು ಅವರವರ ವಿಚಾರ. ಪಾಠ ಮುಗಿದೊಡನೆ ದೊಡ್ಡ ಸಂಬಳವೆಂದು ಹೇಳುವವರನ್ನು ನಂಬಬಾರದು. ಮೊದಲ ವರುಷಗಳು ಟೆಕ್ನಿಶಿಯನ್ನಿನ ಸಂಬಳದಲ್ಲಿ, ಬಹುಮಟ್ಟಿಗೆ ರಾತ್ರಿಯ ಪಾಳಿಯಲ್ಲಿ ಕಳೆಯುವವು, ಯಾಕಂದರೆ ವಿಮಾನವು ಹಗಲು ಹಾರಿ ರಾತ್ರಿ ಹ್ಯಾಂಗರಿಗೆ ಬರುವದು. ಮಗಳು ಎಲ್ಲಿ ಉಳಿಯುವಳು, ನಡುರಾತ್ರಿಯಲ್ಲಿ ಹೇಗೆ ಬಂದು ಹೋಗುವಳು ಎಂಬದನ್ನು ತಾಯಿತಂದೆಗಳು ಕೇಳಿ ತಿಳಿಯುವದು ನ್ಯಾಯವೇ. ಅದನ್ನು ನೆಪಮಾಡಿ ಬೇಡವೆನ್ನುವದು ನ್ಯಾಯವಲ್ಲ. ರಾತ್ರಿಪಾಳಿಯ ನರ್ಸಿಂಗಿಗೆ ನಾವೇ ಎಷ್ಟೋ ಮಕ್ಕಳನ್ನು ಕಳಿಸಿರುತ್ತೇವಲ್ಲ!

ವಾಯುಪಡೆಯ ದಾರಿಯಲ್ಲಿ ಫೀಯ ಚಿಂತೆಯಿಲ್ಲ. ಆದರೆ ಅಲ್ಲಿಯ ತರಬೇತಿಯೇ ನಾಗರಿಕ ಪರವಾನಿಗೆಯಾಗದು. ಅಲ್ಲಿಯ ಅನುಭವವನ್ನು ನಿರ್ದೇಶನಾಲಯವು ಲೆಕ್ಕಕ್ಕೆ ಹಿಡಿಯಬಹುದಾದರೂ ಪರೀಕ್ಷೆಗಳನ್ನು ಕೊಟ್ಟು ನಾಗರಿಕ ವಿಮಾನಗಳ ಮೇಲೆಯೂ ಕೆಲಸ ಮಾಡಿ ತೋರಿಸಬೇಕಾಗುವದು. ಹತ್ತರಗಿಯಲ್ಲಿ ಪರದೇಶದ ವಿಮಾನಗಳ ಬಿಡಿಭಾಗಗಳನ್ನು ತಯಾರಿಸುವ ಕಾರಖಾನೆಗಳುಂಟು. ಡಿಪ್ಲೊಮಾ ಮುಗಿಸಿದ ಮಕ್ಕಳಿಗೆ ಅದೂ ಮರ್ಯಾದೆಯ ಕೆಲಸ. ಆದರೆ ಭಾಗವನ್ನು ಮಾಡುವದು ಬೇರೆ, ಹಾರುವ ವಿಮಾನವನ್ನು ನೋಡಿಕೊಳ್ಳುವದು ಬೇರೆ. ಆ ಕೆಲಸಕ್ಕೆ ನಮ್ಮ ಭಾಗದವರು ಹೋಗುವದು ಹೆಚ್ಚಾಗಿ ಬೆಂಗಳೂರು, ಮುಂಬಯಿ, ಹೈದರಾಬಾದಗಳಿಗೆ. ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ೨೦೨೪ರಲ್ಲಿ ಏರ್ ಇಂಡಿಯಾದವರು ಹನ್ನೆರಡು ವಿಮಾನಗಳನ್ನು ಒಮ್ಮೆಗೆ ನಿಲ್ಲಿಸಬಲ್ಲ ದುರಸ್ತಿಯ ಕೇಂದ್ರಕ್ಕೆ ಬುನಾದಿಯನ್ನು ಹಾಕಿದರು.

ಮೊದಲು ಹೇಳಿದ ಹುಡುಗಿಯ ವಿಷಯವನ್ನು ಅರ್ಧಕ್ಕೆ ಬಿಡಲಾಗದು. ನಮ್ಮ ಕೋಣೆಯಲ್ಲಿ ಸುಮ್ಮನೆ ಕುಳಿ­ತು ಎದ್ದುಹೋದವಳು ಮರುವಾರವೇ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾದ ಮೊದಲ ವರುಷಕ್ಕೆ, ತನಗಿಂತ ಎರಡು ವರುಷ ಚಿಕ್ಕವರ ಜೊತೆಗೆ ಹೆಸರು ಹಚ್ಚಿದಳು. ಬಿಟ್ಟ ಗಣಿತವನ್ನು ಅಲ್ಲಿಯೇ ಕಲಿತಳು. ಮುಂದೆ ಅಂಗೀಕೃತ ಸಂಸ್ಥೆಯಲ್ಲಿ ಬಿ ೧.೧ರ ಪಾಠವನ್ನು ಮುಗಿಸಿ, ಈಗ ಒಂದು ಹ್ಯಾಂಗರಿನಲ್ಲಿ ಟೆಕ್ನಿಶಿಯನ್ನಳಾಗಿ ಅನುಭವದ ಎರಡನೆಯ ವರುಷದಲ್ಲಿದ್ದಾಳೆ. ಮೊಡ್ಯೂಲುಗಳಲ್ಲಿ ಎರಡು ಮಾತ್ರ ಉಳಿದಿವೆ. ಕಳೆದ ನಾತಾಳ ಸೂಟಿಯಲ್ಲಿ ಶಾಲೆಗೆ ಬಂದಾಗ ತನ್ನ ಲಾಗ್‌ಬುಕ್ಕನ್ನು ನಮಗೆ ತೋರಿಸಿದಳು. ಒಂದೊಂದು ಸಾಲಿನಲ್ಲಿ ತಾರೀಖು, ವಿಮಾನದ ನಂಬರು, ಮಾಡಿದ ಕೆಲಸ, ಕೊನೆಗೆ ಮೇಲಿನವರ ಸಹಿ. ಕೈಬರಹವು ಹತ್ತನೆಯ ಇಯತ್ತೆಯಲ್ಲಿದ್ದುದಕ್ಕಿಂತ ಬಹಳ ಸುಧಾರಿಸಿತ್ತು. ನಾವು ಅದನ್ನು ಹೇಳಿದಾಗ ಅವಳು ನಕ್ಕು, "ಅಲ್ಲಿ ಅಕ್ಷರ ತಿಳೀಲಿಲ್ಲಂದ್ರ ಕೆಲಸಾನ ಆಗಿಲ್ಲಂತ ತಿಳೀತಾರ್ರಿ ಅಕ್ಕಾರ" ಎಂದಳು. ಬರುವ ಮೇ ತಿಂಗಳಲ್ಲಿ, ಹತ್ತನೆಯ ಇಯತ್ತೆಯ ಫಲಿತಾಂಶವು ಬಂದ ಮರು ಶನಿವಾರ, ಅವಳು ರಜೆಯ ಮೇಲೆ ಬಂದು ನಮ್ಮ ಸಭಾಗೃಹದಲ್ಲಿ ಪಾಲಕರ ಪ್ರಶ್ನೆಗಳಿಗೆ ಉತ್ತರ ಕೊಡಲು ಒಪ್ಪಿರುತ್ತಾಳೆ. ಪಿಯುಸಿಯ ಅರ್ಜಿಯಲ್ಲಿ ವಿಷಯಗಳನ್ನು ಬರೆಯುವದಕ್ಕಿಂತ ಮೊದಲು ಆ ಸಭೆಗೆ ಬರಬೇಕೆಂದು ಪಾಲಕರನ್ನು ಕೇಳಿಕೊಳ್ಳುತ್ತೇವೆ.